ಎದುರುಮನೆಯ ದೊಡ್ಡಮ್ಮ

ಮೊನ್ನೆ ಸಂಜೆ ಆಫೀಸು ಮುಗಿಸಿ ಕಣಕಟ್ಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಯಾರೋ ಒಂದು ಚೀಲ ಉಂಡೆ ಕೊಬ್ಬರಿ ತಂದು ನನ್ನ ಕಾಲ ಬಳಿ ಇಟ್ಟರು. ದಿನವಿಡೀ ದುಡಿದು ತಲೆ ಸಿಡಿಯುತ್ತಿತ್ತು, ಕಣ್ಣು ಮುಚ್ಚಿ ಕೂತಿದ್ದೆ. ಆ ಎಣ್ಣೆಜಿಡ್ಡಿನ ವಾಸನೆ ಮೂಗಿಗೆ ಬಂದದ್ದೇ ಅರಸೀಕೆರೆಯ ನಮ್ಮ ಹಳೆಯ ಬೀದಿ, ಎದುರುಮನೆಯ ನಡುಮನೆ, ಕಸೂತಿ ಬಟ್ಟೆ ಹೊದ್ದು ಕೂತಿದ್ದ ಆ ಕಪ್ಪು ಫೋನು...

ಎದುರುಮನೆಯವರದು ಕೊಬ್ಬರಿ ವ್ಯಾಪಾರ. ಬೀದಿಗೆಲ್ಲ ಫೋನಿದ್ದದ್ದು ಅವರಲ್ಲಿ ಮಾತ್ರ. ಆ ಮನೆಯ ಯಜಮಾನಿಯನ್ನು ಬೀದಿಯ ಮಕ್ಕಳೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಹಣೆ ತುಂಬ ವಿಭೂತಿ, ಗಟ್ಟಿ ದನಿ. ಯಾರಿಗೆ ಕರೆ ಬಂದರೂ ಬಾಗಿಲಿಗೆ ಬಂದು ಕೂಗಿ ಕರೆಯುತ್ತಿದ್ದರು. ಬಂದವರು ಮಾತಾಡುವಷ್ಟು ಹೊತ್ತೂ ತಾವು ಅಡುಗೆಮನೆಯಲ್ಲಿ ಇದ್ದುಬಿಡುತ್ತಿದ್ದರು. ಬೇರೆಯವರ ಮನೆ ಮಾತು ಕಿವಿಗೆ ಬೀಳಬಾರದು ಎಂದು. ಮಾತು ಮುಗಿದ ಮೇಲೆ ಕಾಫಿ ಕುಡಿಯದೆ ಯಾರೂ ಹೊಸಿಲು ದಾಟುವಂತಿರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಮಧ್ಯಾಹ್ನ ಅವರು ಕೂಗಲಿಲ್ಲ, ತಾವೇ ನಮ್ಮ ಮನೆಗೆ ಬಂದರು. ಅವತ್ತೇಕೋ ರೇಷ್ಮೆ ಸೀರೆ ಉಟ್ಟಿದ್ದರು. ಅಮ್ಮ ಅಕ್ಕಿ ಆರಿಸುತ್ತಿದ್ದಳು.

"ಬಿಕ್ಕೋಡಿಂದ ಫೋನ್ ಬಂದಿತ್ತು ಕಣೇ. ನಿಮ್ಮಪ್ಪಂಗೆ ಹುಷಾರಿಲ್ವಂತೆ. ನೋಡ್ಕಂಡ್ ಬರಣ, ನಾನೂ ಬತ್ತೀನಿ. ಮೊದ್ಲು ಎರಡು ತುತ್ತು ಉಣ್ಣು."

ಬಿಕ್ಕೋಡು ಅಮ್ಮನ ತವರು. ಅಪ್ಪ ರೈಲ್ವೆ ಕೆಲಸದ ಮೇಲೆ ಹೋದವರು ಬರುವುದು ಮಾರನೆಯ ದಿನ. ಅಮ್ಮ ಬೇಡವೆಂದರೂ ಬಿಡದೆ ದೊಡ್ಡಮ್ಮ ಅನ್ನ ಸಾರು ಕಲಸಿ ತಾವೇ ತಿನ್ನಿಸಿದರು. ನನ್ನನ್ನೂ ಕರೆದುಕೊಂಡು ಬೇಲೂರು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಬೀದಿಯ ಸುದ್ದಿ, ಹಪ್ಪಳದ ಸುದ್ದಿ. ಹಳೇಬೀಡು ದಾಟಿದ ಮೇಲೆ ಸುಮ್ಮನಾದರು. ಆಮೇಲೆ ಅಮ್ಮನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು.

"ನೋಡವ್ವಾ, ನಿಮ್ಮಪ್ಪ ಇಲ್ಲ. ಬೆಳಿಗ್ಗೇನೇ ಹೋದ್ರಂತೆ. ಈಗ ಎಷ್ಟು ಬೇಕೋ ಅಷ್ಟು ಅತ್ತುಬಿಡು. ಅಲ್ಲಿಗೆ ಹೋದ್ಮೇಲೆ ನಿಮ್ಮಮ್ಮನ್ನ ನೀನೇ ಹಿಡ್ಕಬೇಕು."

ಬೇಲೂರು ಬರುವತನಕ ಅಮ್ಮ ಅವರ ಹೆಗಲಿಗೆ ಮುಖ ಒತ್ತಿ ಅತ್ತಳು. ಆ ರೇಷ್ಮೆ ಸೀರೆ ನೆನೆದುಹೋಗಿತ್ತು. ಬಿಕ್ಕೋಡಿನಲ್ಲಿ ಮಣ್ಣು ಮುಗಿಯುವವರೆಗೂ ಅವರು ಅಮ್ಮನ ಪಕ್ಕ ಬಿಟ್ಟು ಕದಲಲಿಲ್ಲ.

ಅವತ್ತು ಸಂಜೆ ಅವರ ಮಗಳನ್ನು ನೋಡಲು ತಿಪಟೂರಿನಿಂದ ಗಂಡಿನವರು ಬರುವುದಿತ್ತೆಂದು ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಹುಡುಗಿಯ ತಾಯಿಯೇ ಮನೆಯಲ್ಲಿಲ್ಲದ್ದನ್ನು ಕಂಡು ಬಂದವರು ಮುಖ ಗಂಟಿಕ್ಕಿಕೊಂಡು ಹೋಗಿದ್ದರಂತೆ, ಸಂಬಂಧ ಮುರಿದಿತ್ತು. ಅಮ್ಮ ಓಡಿಹೋಗಿ ಅವರ ಕಾಲು ಹಿಡಿಯಲು ಬಗ್ಗಿದಳು. ದೊಡ್ಡಮ್ಮ ಹಿಂದೆ ಸರಿದರು.

"ಏನೇ ಇದು, ಏಳು. ಗಂಡು ಇನ್ನೊಂದು ಸಿಗ್ತೈತೆ. ಆ ಬಸ್ಸಲ್ಲಿ ನಿನ್ನೊಬ್ಳನ್ನೇ ಹೆಂಗೆ ಕೂರಿಸ್ಲಿ?"

ಗಂಡು ಸಿಕ್ಕಿತು, ಊರಲ್ಲೇ. ಆದರೆ ದೊಡ್ಡಮ್ಮನ ಯಜಮಾನರು ಬಹಳ ಕಾಲ ಹೆಂಡತಿಯ ಜೊತೆ ಸರಿಯಾಗಿ ಮಾತಾಡಲಿಲ್ಲ ಎಂದು ಮಗಳೇ ಒಮ್ಮೆ ಹೇಳಿದ್ದಳು. ದೊಡ್ಡಮ್ಮ ಆ ಮಾತನ್ನು ಯಾವತ್ತೂ ಎತ್ತಲಿಲ್ಲ.

ಆಮೇಲೆ ಮನೆಮನೆಗೂ ಫೋನು ಬಂತು. ಕಾಫಿಗೆ ನೆಪ ತಪ್ಪಿತು. ನಾವು ಬೀದಿ ಬಿಟ್ಟು ಹೊಸ ಬಡಾವಣೆಗೆ ಬಂದೆವು, ಅವರು ಊರಿನ ಇನ್ನೊಂದು ತುದಿಗೆ ಹೋದರು. ಎರಡು ತುದಿಗಳ ನಡುವೆ ಆಟೋದಲ್ಲಿ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷ ಎಲ್ಲಿ ಹೋಯಿತೋ... ನನ್ನ ಕೆಲಸ, ಅಪ್ಪನ ಕಾಯಿಲೆ, ಅಪ್ಪನ ಸಾವು, ಅಮ್ಮನ ಮಂಡಿನೋವು. ವರ್ಷಗಳು ಹಾಗೇ ಸವೆದವು.

ಹೋದ ತಿಂಗಳು ದೊಡ್ಡಮ್ಮ ತೀರಿಕೊಂಡರು. ಹಳೆಯ ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂದಿತ್ತು, ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ನಾನು ನೋಡುವಷ್ಟರಲ್ಲಿ ಮಣ್ಣು ಮುಗಿದು ಒಂದು ದಿನವಾಗಿತ್ತು. ಅಮ್ಮನಿಗೆ ಹೇಳಿದೆ.

"ಯಾರು ಬಂದು ಹೇಳಿದ್ರು?"

"ಯಾರೂ ಬರ್ಲಿಲ್ಲಮ್ಮ. ಮೊಬೈಲಿಗೆ ಬಂತು."

ಅಮ್ಮ ಎದ್ದು ಸೀರೆ ಬದಲಿಸಿದಳು.

ದೊಡ್ಡಮ್ಮನ ಮನೆಯ ಮೆಟ್ಟಿಲು ಅಮ್ಮನಿಗೆ ಹತ್ತಲಾಗಲಿಲ್ಲ. ಮಗಳೇ ಇಳಿದು ಬಂದಳು, ಅವಳ ತಲೆಯೂ ಈಗ ನರೆತಿದೆ. ಕೆಳಗಿನ ಮೆಟ್ಟಿಲ ಮೇಲೆ ಅಮ್ಮನ ಪಕ್ಕ ಕೂತು, ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಅಮ್ಮ ಬೆನ್ನು ಸವರುತ್ತಿದ್ದಳು. ನಾನು ಬ್ಯಾಗು ಹಿಡಿದು ಗೇಟಿನ ಬಳಿ ನಿಂತಿದ್ದೆ.

ವಾಪಸು ಬರುವಾಗ ಆಟೋದಲ್ಲಿ ಅಮ್ಮ ಹೊರಗೆ ನೋಡುತ್ತ ಅಂದಳು.

"ಇನ್ನು ಈ ಊರಲ್ಲಿ ನನ್ನ 'ಏನೇ' ಅಂತ ಮಾತಾಡ್ಸೋರು ಯಾರೂ ಉಳೀಲಿಲ್ಲ ನೋಡು."