ಎರಡು ಹಾಲುಹಲ್ಲುಗಳ ಪಂಚಾಯಿತಿ

ಮಗಳಿಗೆ ಎಂಟು ತುಂಬಿದ ವರ್ಷ ನಮ್ಮ ಮನೆಯಲ್ಲಿ ಮಾತಿಗಿದ್ದದ್ದು ಒಂದೇ ವಿಷಯ, ಅವಳ ಬಾಯಿ. ಮೇಲಿನ ಸಾಲಿನಲ್ಲಿ ಎರಡು ಹೊಸ ಹಲ್ಲು ಬಂದು ಗತ್ತಿನಿಂದ ಕೂತಿದ್ದವು. ಅವುಗಳ ಪಕ್ಕದಲ್ಲಿ ಹುಟ್ಟುತ್ತಿದ್ದ ಇನ್ನೆರಡಕ್ಕೆ ಜಾಗವೇ ಇಲ್ಲ. ಒಂದು ಓರೆಯಾಗಿ ಭುಜ ತೂರಿಸಿ ನಿಂತಿತ್ತು, ಇನ್ನೊಂದು ಅಂಗುಳಿನ ಕಡೆಯಿಂದ ಇಣುಕುತ್ತಿತ್ತು. ಅವುಗಳ ಆಚೀಚೆ ಎರಡು ಹಾಲುಹಲ್ಲುಗಳು ಅಲ್ಲಾಡದೆ, ಅಳುಕದೆ, ಯಾರಪ್ಪನ ಮನೆಗೆ ಏನಾದರೇನು ಎಂದು ಕೂತಿದ್ದವು. ಮಗಳಿಗೆ ಇದರ ಚಿಂತೆ ಇರಲಿಲ್ಲ. ಅದೇ ಬಾಯಿಯನ್ನು ಅಗಲಿಸಿ ದಿನವಿಡೀ ನಗುತ್ತಿದ್ದಳು. ಅವಳು ನಕ್ಕಾಗಲೆಲ್ಲ ನನಗೂ ನಗು ಬರುತ್ತಿತ್ತು, ಹೆಂಡತಿಗೆ ಎದೆ ಧಸಕ್ಕೆನ್ನುತ್ತಿತ್ತು.

ನಾನು ಮುಂಬೈಯ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮ್ಯಾನೇಜರು. ಹೆಂಡತಿ ವಿಕ್ರೋಳಿಯ ಒಂದು ಕಂಪನಿಯ ಆಫೀಸಿನಲ್ಲಿದ್ದಾಳೆ, ನಮ್ಮ ಬಿಡಾರವೂ ಅಲ್ಲೇ. ಅವಳು ಆಫೀಸಿನವಳು, ಕೆಲಸವನ್ನು ನಾಳೆಗೆ ಇಡುವವಳಲ್ಲ. ನಾನು ಹೋಟೆಲಿನವನು. ಇಡ್ಲಿಹಿಟ್ಟು ಉಬ್ಬುವ ಹಾಗೆ ಎಲ್ಲವೂ ತಂತಾನೇ ಆಗುತ್ತದೆ ಎಂದು ನಂಬಿದವನು. ಒಂದು ಶನಿವಾರ ಅವಳು ನಮ್ಮಿಬ್ಬರನ್ನೂ ಹೊರಡಿಸಿ ದಾದರಿನ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಧಾರವಾಡದ ಕಡೆಯ ಹಿರಿಯರು. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ಮಾಸ್ಕಿನೊಳಗೇ ನಕ್ಕರು. ಮಗಳ ಬಾಯಿಗೆ ದೀಪ ಹಿಡಿದು ನೋಡಿದರು, ಎಕ್ಸ್‌ರೇ ತೆಗೆಸಿದರು, ಆಮೇಲೆ ನನ್ನ ಮುಖ ಒಮ್ಮೆ, ಹೆಂಡತಿಯ ಮುಖ ಒಮ್ಮೆ ನೋಡಿ ತೀರ್ಪು ಕೊಟ್ಟರು.

"ನೋಡ್ರಿ, ಹಲ್ಲು ಅಪ್ಪಂದು, ದವಡಿ ಅವ್ವಂದು. ಜಾಗಾ ಎಲ್ಲಿಂದ ಬರಬೇಕು?"

ಆ ಎರಡು ಹಾಲುಹಲ್ಲು ಕಿತ್ತರೆ ಹೊಸವಕ್ಕೆ ಜಾಗವಾಗುತ್ತದೆ, ನಾಲಿಗೆಯೇ ತಳ್ಳಿ ತಳ್ಳಿ ಸಾಲಿಗೆ ತರಬಹುದು ಎಂದರು. ಕೀಳದೆ ಎರಡು ತಿಂಗಳು ಕಾಯಲೂಬಹುದು, ಮಗುವಿನ ದವಡೆ ಬೆಳೆಯುವಂಥದ್ದು. ಆದರೆ ಒಳಗಿನದು ಒಳಗೇ ಗಟ್ಟಿಯಾಗಿ ಕೂತುಬಿಟ್ಟರೆ ಮುಂದೆ ಅದನ್ನು ಎಳೆದು ತರುವುದು ಕಷ್ಟ. ಏನು ಮಾಡಿದರೂ ದೊಡ್ಡವಳಾದ ಮೇಲೆ ತಂತಿ ಹಾಕಬೇಕಾಗಬಹುದು, ಆಗದೆಯೂ ಇರಬಹುದು. ವಿಚಾರ ಮಾಡಿ ಹೇಳಿರಿ ಎಂದು ಕೈ ತೊಳೆದುಕೊಂಡರು. ಡಾಕ್ಟರೆಂದರೆ ಹೀಗೆ ಮಾಡಿ ಎಂದು ಗದರಿಸಬೇಕಪ್ಪ, ಆಗ ನಮಗೆ ಬೈಯಲಿಕ್ಕಾದರೂ ಒಬ್ಬರಿರುತ್ತಾರೆ. ನನಗೆ ಅಲ್ಲೇ ಸಿಟ್ಟು ಬಂತು.

ಸ್ಟೇಷನ್ನಿನವರೆಗೂ ಹೆಂಡತಿ ಒಂದೇ ಸಮನೆ ಹೇಳುತ್ತ ಬಂದಳು, ತನ್ನ ತವರಿನವರ ದವಡೆ ಎಷ್ಟು ಚೆಂದ, ತಪ್ಪೆಲ್ಲ ನಮ್ಮ ಕಡೆಯ ಹಲ್ಲಿನದ್ದು ಎಂದು. ದವಡೆಗೆ ಕೆಲಸ ಜಾಸ್ತಿಯಾದ್ದರಿಂದಲೇ ಅದು ಸವೆದಿರಬೇಕು ಎಂದೆ. ಮುಲುಂಡ್ ಲೋಕಲ್ ರೈಲು ಹತ್ತುವ ತನಕ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಹತ್ತಿದ ಮೇಲೆ ಎದುರು ಕೂತ ಮರಾಠಿ ಅಜ್ಜಿಯ ಹತ್ತಿರ ಮಾತಾಡಿದಳು. ಮಗಳು ಆ ಅಜ್ಜಿಗೆ ಬಾಯಿ ತೆರೆದು ತೋರಿಸಿದಳು. ಪಕ್ಕದವರು ಬಗ್ಗಿ ನೋಡಿದರು, ಅವರ ಪಕ್ಕದವರೂ ನೋಡಿದರು. ಕುರ್ಲಾ ಬರುವಷ್ಟರಲ್ಲಿ ಅರ್ಧ ಡಬ್ಬಿಗೆ ನನ್ನ ಮಗಳ ಹಲ್ಲಿನ ಲೆಕ್ಕ ಗೊತ್ತಾಗಿತ್ತು. ಅಜ್ಜಿ ದೇವರು ಕೊಟ್ಟದ್ದನ್ನು ಕೀಳಬೇಡಿ ಎಂದರು. ಬಾಗಿಲ ಬಳಿ ನಿಂತವನೊಬ್ಬ ಕಿತ್ತು ಬಿಸಾಕಿ ಎಂದ. ಇನ್ನೊಬ್ಬ ಹಲ್ಲಿನ ಮೇಲೆ ಹಲ್ಲು ಬಂದವರು ಭಾಗ್ಯವಂತರು ಎಂದ. ಮಗಳಿಗೆ ಹಬ್ಬವೋ ಹಬ್ಬ. ವಿಕ್ರೋಳಿಯಲ್ಲಿ ಇಳಿದು ಪ್ಲಾಟ್‌ಫಾರ್ಮಿನಿಂದ ಎಲ್ಲರಿಗೂ ಟಾಟಾ ಮಾಡಿದಳು.

ಕಾಯೋಣ ಎಂದು ನಾನೇ ಹಟ ಹಿಡಿದೆ. ಹೋಟೆಲಿನ ಅಡುಗೆ ಭಟ್ಟರನ್ನು ಕೇಳಿದೆ, ದಿನಾ ಬರುವ ಗಿರಾಕಿಗಳನ್ನು ಕೇಳಿದೆ, ಕೀಳುವುದು ಬೇಡ ಎಂದವರನ್ನು ಇನ್ನೊಮ್ಮೆ ಕೇಳಿದೆ. ದವಡೆ ಬೆಳೆಯುತ್ತದಂತೆ, ಪ್ರಕೃತಿಯೇ ನೋಡಿಕೊಳ್ಳುತ್ತದಂತೆ ಎಂದು ಮನೆಯಲ್ಲಿ ಭಾಷಣ ಮಾಡಿದೆ. ಬೆಳಗ್ಗೆ ಹಲ್ಲುಜ್ಜುವಾಗ ಮಗಳ ಬಾಯಿಗೆ ಟಾರ್ಚ್ ಬಿಟ್ಟು, ಬೆಳೆದಿದೆ ನೋಡು ಎನ್ನುತ್ತಿದ್ದೆ. ಹೆಂಡತಿ ಕೊನೆಗೊಂದು ದಿನ ನಿಮಗೆ ಹೆದರಿಕೆಯಾ ಎಂದು ಕೇಳಿದಳು. ಛೆ ಛೆ, ನನಗೆಂಥ ಹೆದರಿಕೆ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಷ್ಟರಲ್ಲಿ ನನ್ನ ಕೈ ಕೆನ್ನೆಗೆ ಹೋಗಿತ್ತು.

ಹೆದರಿಕೆ ಇತ್ತು. ನಾನು ಒಂಬತ್ತು ವರ್ಷದವನಿದ್ದಾಗ ಸೋದರಮಾವ ಐಸ್‌ಕ್ಯಾಂಡಿ ಕೊಡಿಸುತ್ತೇನೆಂದು ಪೇಟೆಗೆ ಕರೆದುಕೊಂಡು ಹೋಗಿದ್ದರು. ಐಸ್‌ಕ್ಯಾಂಡಿಯ ಅಂಗಡಿ ದಾಟಿದ್ದು ನೆನಪಿದೆ. ಆಮೇಲೆ ಒಂದು ಕತ್ತಲೆ ಕೋಣೆ, ನನ್ನ ಎರಡು ತೋಳು ಹಿಡಿದ ಇಬ್ಬರು, ಇಕ್ಕಳ. ಹುಳುಕು ಹಲ್ಲು ಕಿತ್ತರು. ಮಾವನ ಮುಖವನ್ನು ನೋಡುತ್ತಲೇ ಇದ್ದೆ, ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ನೋವು ಎರಡೇ ದಿನದಲ್ಲಿ ಹೋಯಿತು. ಆದರೆ ಮಾವನ ಕೈಯಿಂದ ಆಮೇಲೆ ನಾನು ಒಂದು ಪೆಪ್ಪರಮಿಂಟನ್ನೂ ತೆಗೆದುಕೊಳ್ಳಲಿಲ್ಲ. ಒಳ್ಳೆಯ ಮನುಷ್ಯ, ನನ್ನನ್ನು ಹೆಗಲ ಮೇಲೆ ಕೂರಿಸಿ ಆಡಿಸಿದವರು. ನನ್ನ ಮಗಳು ನನ್ನನ್ನು ಆ ಕಣ್ಣಿನಿಂದ ನೋಡಿಬಿಟ್ಟರೆ ಏನು ಮಾಡಲಿ ಎಂಬುದೇ ನನ್ನ ಭಯ. ಹಲ್ಲು ಸೊಟ್ಟಗಾದರೆ ಆಗಲಿ, ಇವಳು ಮಾತ್ರ ನನ್ನವಳಾಗಿಯೇ ಇರಲಿ ಎಂದುಕೊಂಡಿದ್ದೆ.

ಎರಡು ತಿಂಗಳ ನಂತರ ಮತ್ತೆ ದಾದರಿಗೆ ಹೋದೆವು. ಈ ಸಲ ಡಾಕ್ಟರು ನಗಲಿಲ್ಲ. ಒಳಗಿನ ಹಲ್ಲು ಒಳಗೇ ಇಳಿಯುತ್ತಿದೆ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ, ಮುಂದಿನ ವಾರವೇ ಬನ್ನಿ ಎಂದರು. ಮಗಳು ಆಗ ಹೊರಗೆ ಮೀನಿನ ತೊಟ್ಟಿ ನೋಡುತ್ತಿದ್ದಳು. ಅವಳಿಗೆ ಏನೂ ಹೇಳುವುದು ಬೇಡ ಎಂದು ನಾನು ತೀರ್ಮಾನಿಸಿದೆ. ಮಂಗಳವಾರ ಶೂ ತರಲಿಕ್ಕೆಂದು ದಾದರಿಗೆ ಕರೆದುಕೊಂಡು ಹೋಗುವುದು, ಹಾಗೇ ಡಾಕ್ಟರ ಹತ್ತಿರ ನುಗ್ಗುವುದು, ಅವಳಿಗೆ ಗೊತ್ತಾಗುವಷ್ಟರಲ್ಲಿ ಮುಗಿಸುವುದು. ಹೆಂಡತಿಗೆ ಇದು ಹಿಡಿಸಲಿಲ್ಲ. "ನನಗೆ ಸರಿ ಕಾಣುದಿಲ್ಲ ಮಾರಾಯ್ರೆ," ಎಂದಳು. ಮೊದಲೇ ಹೇಳಿದರೆ ಮಗು ನಾಲ್ಕು ದಿನ ಊಟ ಬಿಡುತ್ತದೆ ಎಂದು ಅವಳ ಬಾಯಿ ಮುಚ್ಚಿಸಿ, ಮಗಳಿಗೆ ಹೊಸ ಶೂವಿನ ಆಸೆ ಹಚ್ಚಿದೆ. ಅದೇ ಮಾವನ ಅಳಿಯ ನಾನು! ಆದರೆ ಆಗ ಅದು ನನ್ನ ತಲೆಗೆ ಹೊಳೆಯಲೇ ಇಲ್ಲ ನೋಡಿ.

ಯಾಕೆ ಹೊಳೆಯಲಿಲ್ಲವೆಂದರೆ, ಹೇಳದೆ ಕೆಲಸ ಮಾಡಿಸುವುದೇ ನಮ್ಮ ಕಸುಬು. ಕೂತ ಗಿರಾಕಿಯನ್ನು ಏಳಿ ಎನ್ನಬಾರದು, ಇದು ನಮ್ಮ ಧಣಿಗಳು ನನಗೆ ಕಲಿಸಿದ ಮೊದಲ ಪಾಠ. ಹಾಗೆಂದು ಭಾನುವಾರ ಬೆಳಗ್ಗೆ ಫುಟ್‌ಪಾತಿನ ತನಕ ಜನ ನಿಂತಿರುವಾಗ ಕಾಫಿ ಕುಡಿದು ಮುಗಿಸಿದವರನ್ನು ಕೂರಿಸಿಕೊಳ್ಳುವ ಹಾಗೂ ಇಲ್ಲ. ಅದಕ್ಕೆ ಉಪಾಯಗಳಿವೆ. ಮೊದಲು ಟೇಬಲ್ ಒರೆಸಬೇಕು. ಏಳದಿದ್ದರೆ ನೀರಿನ ಲೋಟ ಎತ್ತಬೇಕು. ಆಗಲೂ ಏಳದಿದ್ದರೆ ಬಡೆಸೋಪಿನ ತಟ್ಟೆ ಮುಂದೆ ಇಡಬೇಕು. ಇದಾವುದಕ್ಕೂ ಜಗ್ಗದವರಿಗೆ ಕೊನೆಯ ಅಸ್ತ್ರ, ತಲೆಯ ಮೇಲಿನ ಫ್ಯಾನ್ ಆಫ್ ಮಾಡುವುದು. ಮುಂಬೈಯ ಸೆಖೆಯಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಯಾರೂ ತಡೆಯುವುದಿಲ್ಲ. ಸ್ವಿಚ್ಚುಗಳೆಲ್ಲ ನನ್ನ ಕೈಗೆಟಕುವ ಹಾಗೆ ಕೌಂಟರಿನ ಹಿಂದೆಯೇ ಇವೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಮಾಟುಂಗದಲ್ಲೇ ಇಲ್ಲ ಎಂಬ ಜಂಬ ಬೇರೆ ನನಗೆ.

ಆ ಮಂಗಳವಾರಕ್ಕೆ ಎರಡು ದಿನ ಮೊದಲು, ಭಾನುವಾರ, ಮಗಳು ನನ್ನ ಜೊತೆ ಹೋಟೆಲಿಗೆ ಬಂದಿದ್ದಳು. ಬಾಗಿಲಲ್ಲಿ ನಿಂತು, ಕಾಯುವವರ ಹೆಸರಿನ ಪಟ್ಟಿ ಹಿಡಿದು ಕೂಗುವುದೆಂದರೆ ಅವಳಿಗೆ ಪ್ರಾಣ. ಒಳಗೆ ಒಂದು ಟೇಬಲಿನಲ್ಲಿ ವಯಸ್ಸಾದ ಗಂಡ ಹೆಂಡತಿ ಕಾಫಿ ಮುಗಿಸಿ ಅರ್ಧ ಗಂಟೆಯಾದರೂ ಮಾತಿನಲ್ಲಿ ಮುಳುಗಿದ್ದರು. ಒರೆಸಿಯಾಯಿತು, ಲೋಟ ಎತ್ತಿಯಾಯಿತು, ಬಡೆಸೋಪನ್ನು ಅವರು ಎರಡು ಸಲ ತಿಂದೂ ಆಯಿತು. ನಾನು ಫ್ಯಾನ್ ಆಫ್ ಮಾಡಿದೆ. ಅಜ್ಜ ಕರವಸ್ತ್ರ ತೆಗೆದು ಅಜ್ಜಿಗೆ ಗಾಳಿ ಬೀಸುತ್ತ ಮಾತು ಮುಂದುವರಿಸಿದರು. ಎಲಾ, ಇಂಥವರನ್ನು ನಾನು ನೋಡಿರಲೇ ಇಲ್ಲ.

ಅಷ್ಟರಲ್ಲಿ ಮಗಳು ಪಟ್ಟಿ ಹಿಡಿದುಕೊಂಡು ನೆಟ್ಟಗೆ ಅವರ ಟೇಬಲಿಗೆ ಹೋದಳು. ನನ್ನ ಜೀವ ಬಾಯಿಗೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಆ ಹೋಟೆಲಿನಲ್ಲಿ ಯಾರೂ ಮಾಡದ್ದನ್ನು ಅವಳು ಮಾಡಿದಳು. ಹೊರಗೆ ತುಂಬ ಜನ ನಿಂತಿದ್ದಾರೆ, ಒಂದು ಪಾಪು ಹಸಿದು ಅಳುತ್ತಿದೆ, ನೀವು ಎದ್ದರೆ ಅವರಿಗೆ ಜಾಗವಾಗುತ್ತದೆ, ಮಾತು ಮುಗಿದಿಲ್ಲವಾದರೆ ಕೌಂಟರ್ ಹತ್ತಿರ ಎರಡು ಸ್ಟೂಲ್ ಇವೆ ಎಂದು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿ, ತನ್ನ ಆ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕಳು. ಅಜ್ಜ ಅಜ್ಜಿ ಗಡಬಡಿಸಿ ಎದ್ದರು. ಅಜ್ಜಿ ಹೋಗಿ ಆ ಪಾಪುವಿನ ಕೆನ್ನೆ ಹಿಂಡಿದರು. ಆಮೇಲೆ ನಿಜವಾಗಿಯೂ ನನ್ನ ಪಕ್ಕದ ಸ್ಟೂಲುಗಳ ಮೇಲೆ ಕೂತು ಇನ್ನೂ ಇಪ್ಪತ್ತು ನಿಮಿಷ ಹರಟಿದರು.

ಮಗಳು ಬಂದು ಸ್ವಿಚ್ಚುಗಳ ಕಡೆ ನೋಡಿದಳು.

"ಪಪ್ಪಾ, ಫ್ಯಾನ್ ಯಾಕೆ ಬಂದ್ ಮಾಡಿದ್ದು? ಪಾಪ, ಅವರಿಗೆ ಸೆಖೆ ಆಗ್ತಿತ್ತು. ಹೇಳಿದ್ರೆ ಏಳ್ತಾರಲ್ಲ."

ಫ್ಯಾನ್ ಹಾಕಿದೆ. ಆ ಹೊತ್ತಿಗೆ ಮಾವನ ಮುಖ ಕಣ್ಣ ಮುಂದೆ ಬಂತು, ಅವರು ನೋಡುತ್ತಿದ್ದ ಕ್ಯಾಲೆಂಡರೂ ಬಂತು. ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಸಂತೋಷವೂ ಆಯಿತು, ಇಂಥ ಮಗಳು ನನಗೆ ಎಲ್ಲಿಂದ ಬಂದಳಪ್ಪ ಎಂದು.

ಮಧ್ಯಾಹ್ನ ಮನೆಗೆ ಹೊರಟಾಗ ಮಾಟುಂಗ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಎರಡು ಹಲ್ಲು ಕೀಳಬೇಕಂತೆ, ಯಾಕೆ ಕೀಳಬೇಕು, ಕೀಳದಿದ್ದರೆ ಏನಾಗುತ್ತದೆ, ಶೂ ಕಥೆ ಸುಳ್ಳು ಎಂದೆ. ಎರಡು ಲೋಕಲ್ ಬಂದು ಹೋದವು. ಅವಳು ಬೆರಳಿನಿಂದ ಆ ಹಾಲುಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು. ನಗುವ ಮುಖ ಸಣ್ಣದಾಯಿತು. ಅದನ್ನು ನೋಡುವುದು ನನಗೆ ಇಕ್ಕಳಕ್ಕಿಂತ ಕಷ್ಟವಾಯಿತು.

"ದರ್ದ್ ಆಗ್ತದಾ?"

ಇಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ತಡೆ ಎಂದು ಅವಳ ಎದುರಿಗೇ ಡಾಕ್ಟರಿಗೆ ಫೋನ್ ಮಾಡಿ, ಸರಿಯಾಗಿ ಎಷ್ಟು ನೋವಾಗುತ್ತದೆ ಹೇಳಿ ಎಂದು ಕೇಳಿದೆ. ಅವರು ಪಾಪ, ಭಾನುವಾರದ ಊಟದ ನಡುವೆಯೂ ಬೇಸರಿಸದೆ ಹೇಳಿದರು. ಅದನ್ನೇ ಅವಳಿಗೆ ಹೇಳಿದೆ: "ಇಂಜೆಕ್ಷನ್ ಚುಚ್ಚುವಾಗ ಕೆಂಪಿರುವೆ ಕಚ್ಚಿದ ಹಾಗೆ ನೋವಾಗ್ತದೆ. ಹತ್ತು ಎಣಿಸುವಷ್ಟು ಹೊತ್ತು. ಕೀಳುವಾಗ ನೋವಿಲ್ಲ, ಆದ್ರೆ ಎಳೆಯುವುದು ಗೊತ್ತಾಗ್ತದೆ, ಕರಕರ ಅಂತ ಶಬ್ದ ಬರ್ತದೆ. ಸಂಜೆಗೆ ಸ್ವಲ್ಪ ಉರಿ." ಆಮೇಲೆ, ಹಲ್ಲು ಅವಳದ್ದು, ಬೇಡ ಎಂದರೆ ಬೇಡ, ಅಮ್ಮನಿಗೆ ನಾನು ಹೇಳುತ್ತೇನೆ ಎಂದೂ ಹೇಳಿದೆ. ಅವಳು ನಾಳೆ ಹೇಳುತ್ತೇನೆ ಎಂದಳು. ಆ ಒಂದು ದಿನ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಸೋಮವಾರ ಶಾಲೆಯಿಂದ ಬಂದು ಚೀಲ ಇಟ್ಟವಳೇ ಹೋಟೆಲಿಗೆ ಫೋನ್ ಮಾಡಿ ತೀರ್ಪು ಕೊಟ್ಟಳು.

"ಎರಡೂ ಒಂದೇ ದಿನ ತೆಗೀಲಿ. ಎರಡೆರಡು ಸಲ ಹೆದರ್ಲಿಕ್ಕೆ ನನಗೆ ಆಗುದಿಲ್ಲ. ಮತ್ತೆ, ಒಳಗೆ ನೀವೇ ಬರ್ಬೇಕು."

ಮಂಗಳವಾರ ಹೆಂಡತಿ ಹೊರಗೆ ಮೀನಿನ ತೊಟ್ಟಿಯ ಹತ್ತಿರ ಕೂತಳು, ನಾನು ಮಗಳ ಜೊತೆ ಒಳಗೆ ಹೋದೆ. ಅವಳು ತಾನಾಗಿಯೇ ಕುರ್ಚಿ ಹತ್ತಿದಳು. ಕೈ ಹಿಡಿದರೆ ಡಾಕ್ಟರಿಗೆ ಅಡ್ಡವಾಗುತ್ತದೆಂದು ನಾನು ಅವಳ ಪಾದ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತೆ. ಡಾಕ್ಟರು ಸಿರಿಂಜ್ ಎತ್ತಿದರು. ಅಷ್ಟೇ ನಾನು ನೋಡಿದ್ದು. ಆಮೇಲೆ ಕಣ್ಣು ಮುಚ್ಚಿ ಗಟ್ಟಿಯಾಗಿ ಹತ್ತು ಎಣಿಸಿದೆ, ಅವಳಿಗೋ ನನಗೋ ತಿಳಿಯದು. ಪಾದ ಒಮ್ಮೆ ಬಿಗಿಯಾಯಿತು, ಸಡಿಲವಾಯಿತು. ಇನ್ನೊಮ್ಮೆ ಬಿಗಿಯಾಯಿತು. ತಟ್ಟೆಯಲ್ಲಿ ಟಣ್ ಎಂದಿತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಟಣ್ ಎಂದಿತು. ನಾನು ಕಣ್ಣು ತೆರೆಯಲೇ ಇಲ್ಲ.

ಯಾರೋ ನನ್ನ ತಲೆ ಸವರಿದರು. ನೋಡಿದರೆ ಮಗಳು, ಬಾಯಿ ತುಂಬ ಹತ್ತಿ, ಕಣ್ಣಂಚಿನಲ್ಲಿ ಒಂದು ಹನಿ. ಕುರ್ಚಿಯಿಂದ ಮುಂದಕ್ಕೆ ಬಗ್ಗಿ, ನನ್ನ ಮುಖಕ್ಕೆ ಮುಖ ತಂದು, ಮರಗಟ್ಟಿದ ತುಟಿಯಲ್ಲೇ ನಕ್ಕಳು.

"ಪಪ್ಪಾ, ಆಯ್ತು," ಎಂದು ತೊದಲಿದಳು. "ನೀವು ಹೇಳಿದಷ್ಟೇ ನೋವಾಯ್ತು."

ಡಾಕ್ಟರು ಅವಳಿಗೆಂದು ಎತ್ತಿಕೊಂಡಿದ್ದ ಹತ್ತಿಯ ಉಂಡೆಯನ್ನು ನನ್ನ ಕೈಗೆ ಕೊಟ್ಟು, "ಕಣ್ಣು ಒರಸ್ಕೋರಿ," ಎಂದರು.