ದೊಡ್ಡವ್ವ ಸೇರಿಸಿದ ನ್ಯಾಯ

ದೊಡ್ಡವ್ವನ ಹಣೆಯ ಕುಂಕುಮ ಎಂಟಾಣೆಯಷ್ಟು ಅಗಲ, ಯಾವಾಗಲೂ ಎಡಕ್ಕೆ ಒಂಚೂರು ಓರೆ. ಕನ್ನಡಿ ಹಿಡಿಯುತ್ತಿರಲಿಲ್ಲ, ಬಚ್ಚಲ ಹಂಡೆಯ ನೀರಿಗೆ ಬಗ್ಗಿ ಇಟ್ಟುಕೊಳ್ಳುತ್ತಿದ್ದಳು. ಚಿನಕುರಳಿಯಲ್ಲಿ ನಮ್ಮ ಪಕ್ಕದ ಮನೆಯವಳು. ರಕ್ತಸಂಬಂಧವಿಲ್ಲದಿದ್ದರೂ ಬೀದಿಗೆಲ್ಲ ದೊಡ್ಡವ್ವ. ಹಿತ್ತಲ ಗೋಡೆಯ ಮೇಲಿಂದ ನಮ್ಮವ್ವನಿಗೆ ಉಪ್ಪೆಸರು ದಾಟಿಸುವಳು, ಜೊತೆಗೆ ಊರ ಸುದ್ದಿಯನ್ನೂ. ಯಾರಿಗಾದರೂ ಮುಖದ ಮೇಲೆ ಹೊಡೆದಂತೆ ಮಾತಾಡಿ ಬಂದ ದಿನ, "ಇದ್ದದ್ ಇದ್ದಂಗೆ ಯೋಳುದ್ರೆ ಎದ್ ಬಂದ್ ಎದೆಗ್ ಒದ್ರಂತೆ" ಎಂದು ತಾನೇ ನಗುವಳು.

ಅವಳ ಗಂಡ ಕಲ್ಲು ಕ್ವಾರಿಗೆ ಕೆಲಸಕ್ಕೆ ಹೋದವನು, ನಾನು ಹುಟ್ಟುವ ಮೊದಲೇ, ಒಂದು ದಿನ ತಿರುಗಿ ಬರಲಿಲ್ಲ. ಯಾವಳನ್ನೋ ಕಟ್ಟಿಕೊಂಡು ಓಡಿಹೋದ ಎಂದು ಕ್ವಾರಿಯ ಸಾವ್ಕಾರ ಹೇಳಿದ. ಅವನ ಮಾತು ಊರಿಗೆ ವೇದವಾಕ್ಯ. ಮದ್ದು ಸಿಡಿದು ಸತ್ತನೆಂಬ ಪಿಸುಮಾತೂ ಇತ್ತು, ಅವಳ ಕಿವಿಗೂ ಬಿದ್ದಿತ್ತು. ಆದರೆ ಅವಳೆದುರು ಬಾಯಿಬಿಟ್ಟವರಿಲ್ಲ. ಮುಕ್ಕಾಲು ಊರು ಕ್ವಾರಿಯ ಅನ್ನ ತಿಂದಿತ್ತು.

ಪಿತೃಪಕ್ಷ ಬಂದರೆ ದೊಡ್ಡವ್ವ ಮಂಕಾಗುತ್ತಿದ್ದಳು. ಮನೆಮನೆಯಲ್ಲೂ ಸತ್ತವರಿಗೆ ಎಡೆ ಇಡುವ ಕಾಲ. ಅತ್ತೆ ಮಾವಂದಿರಿಗೆ ಬಾಳೆಲೆ ಹಾಸಿ, ಅವರಿಗಿಷ್ಟವಾದದ್ದನ್ನೆಲ್ಲ ಬಡಿಸಿ, ಮೂರನೆಯ ಎಲೆ ಕೈಯಲ್ಲಿ ಹಿಡಿದು ನಿಂತುಬಿಡುತ್ತಿದ್ದಳು.

"ಬದ್ಕಿರೋರ್ಗೆ ಎಡೆ ಇಟ್ರೂ ಪಾಪ, ಸತ್ತೋರ್ಗೆ ಇಡ್ದೆ ಇದ್ರೂ ಪಾಪ. ನಾನೇನ್ ಮಾಡ್ಲಿ ಮಗ?"

ಕೊನೆಗೆ ಆ ಎಲೆ ಹಸುವಿನ ಪಾಲಾಗುತ್ತಿತ್ತು.

ನಾನು ಪಾಂಡವಪುರದಲ್ಲಿ ಕಾಲೇಜು ಓದುವಾಗ ಸಂಜೆ ಅವಳಿಗೆ ಪೇಪರು ಓದಿ ಹೇಳುತ್ತಿದ್ದೆ. ಒಂದು ದಿನ ದಕ್ಷಿಣ ಆಫ್ರಿಕಾದ ಸುದ್ದಿ ಬಂದಿತ್ತು. ಅಲ್ಲಿ ಹಿಂದೆ ನಡೆದ ಅನ್ಯಾಯಗಳನ್ನು ಕೇಳಲು ಆಯೋಗವೊಂದು ಕೂತಿದೆ, ಕೊಂದವರು ನಡೆದದ್ದನ್ನು ಮುಚ್ಚಿಡದೆ ಹೇಳಿದರೆ ಮಾಫಿ ಸಿಗಬಹುದು ಎಂದು. ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. ಇನ್ನೊಂದು ಸಲ ಓದಿಸಿದಳು. ಕೊಂದವರಿಗೆ ಮಾಫಿ ಎಂದು ಓದಿ ನನಗೆ ಮೈಯೆಲ್ಲ ಉರಿದಿತ್ತು. ಅವಳಿಗೆ ಅದೇ ಹಿಡಿಸಿತು.

ಸ್ವಲ್ಪ ದಿನದಲ್ಲೇ ಊರ ಯಜಮಾನರ ಬೆನ್ನುಬಿದ್ದು ಅರಳಿಕಟ್ಟೆಯಲ್ಲಿ ನ್ಯಾಯ ಸೇರಿಸಿದಳು. ಯಜಮಾನರಿಗೆ ಗೊತ್ತಿದ್ದದ್ದು ಒಂದೇ ರೂಢಿ. ಕೂತ ಕೂಡಲೇ, ತಪ್ಪು ಯಾರದಿದ್ದರೂ ದಂಡ ಕಟ್ಟಬೇಕೆಂದು ಸಾರಿಬಿಟ್ಟರು. ಬಂದಿದ್ದ ಹಳೆಯ ಕ್ವಾರಿ ಆಳುಗಳು ಬಾಯಿಗೆ ಬೀಗ ಹಾಕಿಕೊಂಡರು. ಸಾವ್ಕಾರನಂತೂ ಆ ಕಡೆ ತಲೆಯೇ ಹಾಕಲಿಲ್ಲ. ಆಗ ದೊಡ್ಡವ್ವ ಎದ್ದು ನಿಂತಳು.

"ದಂಡ ಬ್ಯಾಡಿ, ಪೋಲೀಸೂ ಬ್ಯಾಡಿ. ನನ್ ಗಂಡ ಬದ್ಕವ್ನೋ ಸತ್ತವ್ನೋ, ಅಷ್ಟ್ ಯೋಳ್ಬುಡಿ. ಯೋಳ್ದೋರ್ ಮ್ಯಾಲೆ ನಾನು ದೂರೂ ಕೊಡಕಿಲ್ಲ, ಸಾಪನೂ ಆಕಕಿಲ್ಲ."

ಕೊನೆಗೆ ಎದ್ದವರು ಕ್ವಾರಿಯ ಲಾರಿ ಓಡಿಸುತ್ತಿದ್ದ ಪಾಂಡವಪುರದ ಸಾಬರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಓಡೋಗಿಲ್ಲ ಅಮ್ಮಾ. ಮದ್ದು ಸಿಡ್ದು ಅಲ್ಲೇ ಹೋದ್ರು. ಸಾವ್ಕಾರ್ರು ಹೇಳಿದ್ರು, ನಾವೇ ಹಳೇ ಗುಂಡೀಲಿ ಹಾಕಿ ಜಲ್ಲಿ ಸುರಿದ್ವಿ. ಲಾರಿ ನಂದೇ. ಮಾಫ್ ಮಾಡ್ಬುಡಿ."

ಯಾವ ಗುಂಡಿ ಎಂದಷ್ಟೇ ಕೇಳಿದಳು. ಮಾರನೆಯ ಬೆಳಿಗ್ಗೆ ಅವರೇ ಕರೆದುಕೊಂಡು ಹೋಗಿ ತೋರಿಸಿದರು. ವಾಪಸ್ಸು ಬಂದಾಗ ಅವಳ ಹಣೆ ಬರಿದಾಗಿತ್ತು. ನನಗೆ ನೋಡಲಾಗದೆ ಅತ್ತುಬಿಟ್ಟೆ. ಅವಳೇ ನನ್ನನ್ನು ಸಮಾಧಾನ ಮಾಡಿದಳು. ಕೊಟ್ಟ ಮಾತಿನಂತೆ ಸಾಬರ ಮೇಲೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಸಾವ್ಕಾರ ಸಾಯುವವರೆಗೂ ಬಾಯಿ ಬಿಡಲಿಲ್ಲ, ಅವನಿಗೆ ಅವಳ ಮಾಫಿಯೂ ಸಿಗಲಿಲ್ಲ.

ದೊಡ್ಡವ್ವ ಹೋಗಿ ಬಹಳ ವರ್ಷವಾಯಿತು. ಹಳೆಯದನ್ನು ಕೆದಕಿ ಯಾರಿಗೇನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಆ ವರ್ಷದ ಪಿತೃಪಕ್ಷದಲ್ಲಿ ನಾನು ಅವಳ ಪಕ್ಕದಲ್ಲೇ ಇದ್ದೆ. ಗಂಡನಿಗೆಂದು ಎಲೆ ಹಾಸಿದಳು. ಬಿಸಿ ಮುದ್ದೆ ಇಟ್ಟಳು, ಸಾರು ಬಿಟ್ಟಳು, ಎದುರಿಗೆ ಕೂತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಉಣ್ಣಿ" ಎಂದಳು. "ಇಷ್ಟ್ ವರ್ಸ ನಿಮ್ನ ಉಪಾಸ ಕೆಡವ್ಬುಟ್ಟೆ."