ಅಜ್ಜಿ ನೀರು ಕುಡಿಯದ ದಿನ

ಎರಡು ವರ್ಷದ ಹಿಂದಿನ ಮಾತು. ವೈಶಾಖದ ಮದುವೆ ದಿನಗಳು. ಹೊನ್ನಾಳಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಆ ವಾರ ರಾಶಿ ಬ್ಲೌಸು ಹೊಲಿದು ಕೊಡಬೇಕಿತ್ತು, ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಕತ್ತಲಗೆರೆಯಿಂದ ನಮ್ಮ ಮನೆಗೆ ಬಂದಿದ್ದ ಅಜ್ಜಿ, ನನ್ನ ಅಪ್ಪನ ತಾಯಿ, ಬೆಳಗ್ಗೆ ಬಚ್ಚಲಲ್ಲಿ ಜಾರಿ ಬಿದ್ದಳು. ಆಗಲೇ ಅವಳಿಗೆ ತೊಂಬತ್ತು ದಾಟಿತ್ತು. "ನಾನೇ ನೀರು ಹಾಕ್ತೀನಿ, ಸ್ವಲ್ಪ ತಡಿ" ಎಂದು ಎರಡು ಸಲ ಕೂಗಿ ಹೇಳಿದ್ದೆ. ಕೇಳಿದರೆ ತಾನೆ?

ಅಜ್ಜಿಯನ್ನು ನೋಡಲು ನ್ಯಾಮತಿಯಿಂದ ಬಂದಿದ್ದ ಗಿರಿಜತ್ತೆಯೂ ಮನೆಯಲ್ಲಿದ್ದರು. ಅವರು ಅಜ್ಜಿಯ ಕಿರಿ ಮಗಳು. ಇಬ್ಬರೂ ಸೇರಿ ಅಜ್ಜಿಯನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅಜ್ಜಿಗೆ ಪೂರ್ತಿ ಎಚ್ಚರವಿರಲಿಲ್ಲ, ಕಣ್ಣು ಮುಚ್ಚಿಕೊಂಡು ನರಳುತ್ತಿದ್ದಳು. ಎದೆಯ ಎಕ್ಸ್‌ರೇ ತೆಗೆಯಬೇಕು, ಕೊರಳಲ್ಲಿ ಏನೂ ಇರಬಾರದು ಎಂದರು ಅಲ್ಲಿಯವರು. ಅವಳ ಕೊರಳಲ್ಲಿ ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆ ಇತ್ತು. ನಾನು ಸರಸರನೆ ದಾರ ಬಿಚ್ಚಿ, ಕರವಸ್ತ್ರದಲ್ಲಿ ಗಂಟು ಕಟ್ಟಿ, ಅವಳ ಒದ್ದೆ ಸೀರೆ ತುರುಕಿದ್ದ ಕೈಚೀಲಕ್ಕೆ ಹಾಕಿದೆ. ಆಮೇಲೆ ಅದನ್ನು ಮರೆತೇಬಿಟ್ಟೆ.

ಒಂದು ಪಕ್ಕೆಲುಬು ಬಿರುಕು ಬಿಟ್ಟಿದೆ, ಹೆದರುವಂಥದ್ದೇನಿಲ್ಲ ಎಂದು ಡಾಕ್ಟರು ಹೇಳಿದರು. ಅತ್ತೆ ಒಂದು ಕಡೆ ಕೂರುವ ಜೀವವಲ್ಲ. "ಊರಿಗೋಗಿ ಮನೆ ಕಡೆ ನೋಡ್ಕಂಡು, ಸೀರೆ ಒಗೆದು, ಗಂಜಿ ಕಾಸ್ಕಂಡು ಸಂಜೀಕೆ ಬರ್ತೀನಿ" ಎಂದು ಚೀಲ ಹಿಡಿದು ನ್ಯಾಮತಿ ಬಸ್ಸು ಹತ್ತಿದರು.

ಅವರು ಹೋದ ಸ್ವಲ್ಪ ಹೊತ್ತಿಗೆ ಅಜ್ಜಿಗೆ ಪೂರ್ತಿ ಎಚ್ಚರವಾಯಿತು. ಕಣ್ಣು ಬಿಡುವ ಮೊದಲೇ ಕೈ ಎದೆಗೆ ಹೋಯಿತು.

"ನನ್ನ ಲಿಂಗ ಎಲ್ಲೈತೆ?"

ಆಗಷ್ಟೇ ನನಗೆ ಚೀಲ ನೆನಪಾದದ್ದು. "ಮನೇಲೈತೆ ಅಜ್ಜಿ, ಬರ್ತೈತೆ. ಮೊದ್ಲು ನೀರು ಕುಡಿ" ಎಂದೆ. ಅಜ್ಜಿ ತುಟಿ ಬಿಗಿದಳು. ಲಿಂಗ ಮೈಮೇಲಿಲ್ಲದೆ ಅವಳು ಹನಿ ನೀರೂ ಮುಟ್ಟುವವಳಲ್ಲ. ಮಾತ್ರೆ ಬೇಡ, ಎಳನೀರು ಬೇಡ. ಡ್ರಿಪ್ ಹಾಕೋಣವೆಂದರೆ ನರ್ಸ್ ಮೂರು ಕಡೆ ಚುಚ್ಚಿದರೂ ನರ ಸಿಗಲಿಲ್ಲ. ಡಾಕ್ಟರು ನನಗೇ ಬೈದರು. "ನಿನ್ನೆ ರಾತ್ರಿಯಿಂದ ನೀರಿಲ್ಲ ಅಂತೀರಿ. ಈ ವಯಸ್ಸಿಗೆ ಕಿಡ್ನಿ ಕೈಕೊಟ್ರೆ ನಾನೇನು ಮಾಡ್ಲಿ? ಹೆಂಗಾದ್ರೂ ಕುಡಿಸ್ರಿ."

ಅತ್ತೆಗೆ ಫೋನ್ ಮಾಡಿದೆ. "ಅಯ್ಯೋ ಶಿವನೇ, ಚೀಲ ಹಂಗೇ ಬಕೀಟಿಗೆ ಸುರುವಿ ಸೋಪಿನ ಪುಡಿ ಹಾಕೀನಲ್ಲೇ!" ಎಂದು ಬಾಯಿ ಬಡಿದುಕೊಂಡರು. ಗಂಟು ಸಿಕ್ಕಿತು, ಕರಡಿಗೆಗೆ ಏನೂ ಆಗಿರಲಿಲ್ಲ. ತಕ್ಷಣ ಬಸ್ಸು ಹತ್ರಿ ಎಂದರೆ, "ಹಂಗೆ ತರಾಕೆ ಆಗ್ತೈತೇನವ್ವ? ಮೈಲಿಗೆ ಆಗೈತೆ. ತಲೆ ಮೇಲೆ ನೀರು ಹಾಕ್ಕಂಡು, ಪೂಜೆ ಮಾಡಿ ತರ್ತೀನಿ" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ತಾಯಿ ಇಲ್ಲಿ ಬಾಯಿ ಒಣಗಿಸಿಕೊಂಡು ಮಲಗಿದ್ದಾಳೆ, ಮಗಳಿಗೆ ಅಲ್ಲಿ ತಲೆಸ್ನಾನ!

ಆ ಸಿಟ್ಟಿನಲ್ಲೇ ನಾನೊಂದು ಬುದ್ಧಿವಂತಿಕೆ ಮಾಡಿದೆ. ನನ್ನ ಪರ್ಸಿನಲ್ಲಿ ಹೊಲಿಗೆ ಮೆಷಿನ್ನಿನ ಬಾಬಿನ್ ಕೇಸ್, ದಾರದ ಉರುಳೆ ಕೂರಿಸುವ ಗುಂಡನೆಯ ಪುಟ್ಟ ಲೋಹದ ಡಬ್ಬಿ, ಇತ್ತು; ಅಂಥದ್ದೇ ಹೊಸದು ತರಬೇಕೆಂದು ಹಾಕಿಕೊಂಡಿದ್ದೆ. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, "ತಗ ಅಜ್ಜಿ, ಬಂತು. ಕರಡಿಗೆ ಬೇರೆ ಇಟ್ಟೀನಿ" ಎಂದು ಅವಳ ಅಂಗೈಗಿಟ್ಟೆ.

ಅಜ್ಜಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಬೆರಳಲ್ಲಿ ಒಮ್ಮೆ ಒತ್ತಿ ನೋಡಿದಳು. ಮೂಗಿನ ಹತ್ತಿರ ಹಿಡಿದಳು. "ಮಿಷನ್ ಎಣ್ಣೆ ನಾರ್ತೈತೆ" ಎಂದು ನನ್ನ ಕೈಗೇ ವಾಪಸ್ಸು ಕೊಟ್ಟಳು. ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ಆಚೆ ಓಡಿದಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ನರ್ಸ್‌ಗೆ ಹೇಳಿ, ಮನೆಗೆ ಹೋಗಿ ಸ್ಕೂಟಿ ತೆಗೆದುಕೊಂಡು ನ್ಯಾಮತಿಗೆ ಹೊರಟೆ. ತಲೆಯ ಮೇಲೆ ಕಾದ ಬಿಸಿಲು. ಅಂಗಡಿಯಿಂದ ಫೋನಿನ ಮೇಲೆ ಫೋನು. ದಾರಿಯುದ್ದಕ್ಕೂ ಅಜ್ಜಿಯನ್ನೂ ಅತ್ತೆಯನ್ನೂ ಮನಸಾರೆ ಬೈದೆ. ಹೋಗಿ ನೋಡಿದರೆ ಅತ್ತೆ ಒದ್ದೆ ಕೂದಲಿಗೆ ಟವೆಲ್ಲು ಸುತ್ತಿ, ಲಿಂಗವನ್ನು ಮುಂದಿಟ್ಟುಕೊಂಡು ಇನ್ನೂ ಬಿಲ್ವಪತ್ರೆ ಏರಿಸುತ್ತಿದ್ದರು. ಕೈಚಾಚಿದೆ. ನನ್ನ ಮುಖ ನೋಡಿ ಅವರು ಲಿಂಗವನ್ನು ಕರಡಿಗೆಗೆ ಹಾಕಿ, ವಿಭೂತಿ ಗಟ್ಟಿಯ ಜೊತೆ ಕೊಟ್ಟರು.

ವಾಪಸ್ಸು ಬರುವಷ್ಟರಲ್ಲಿ ಮೂರು ಗಂಟೆ. ಅಜ್ಜಿಯ ತುಟಿ ಬಿಳಿಚಿ ಒಡೆದಿತ್ತು. ಲಿಂಗ ಕೈಗೆ ಕೊಟ್ಟೆ, ಇನ್ನಾದರೂ ಕುಡಿಯುತ್ತಾಳೆಂದು ಲೋಟ ಹಿಡಿದು ನಿಂತೆ. ಎಲ್ಲಿ? "ಎಬ್ಬಿಸಿ ಕೂರ್ಸು" ಎಂದಳು. ದಿಂಬು ಕೊಟ್ಟು ಕೂರಿಸಿದೆವು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ವಿಭೂತಿ ಹಚ್ಚಿ, ಕಣ್ಣು ಮುಚ್ಚಿದಳು. ಡಾಕ್ಟರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು. ಕೊನೆಗೂ ಲೋಟ ತೆಗೆದುಕೊಂಡು ಗಟಗಟನೆ ಕುಡಿದಳು. ಇನ್ನೊಂದು ಲೋಟ ಕೇಳಿದಳು.

ನನಗೆ ತಡೆಯಲಾಗಲಿಲ್ಲ. "ಸತ್ತುಗಿತ್ತು ಹೋಗಿದ್ರೆ ಏನ್ ಮಾಡ್ತಿದ್ದಿ ಅಜ್ಜಿ? ಒಂದು ದಿನ ಲಿಂಗ ಇಲ್ದಿದ್ರೆ ಏನಾಗ್ತಿತ್ತು?" ಎಂದು ಎಲ್ಲರ ಮುಂದೆ ರೇಗಿದೆ.

ಅಜ್ಜಿಗೆ ಸಿಟ್ಟು ಬರಲಿಲ್ಲ. "ನಾನು ತೊಟ್ಟಿಲಾಗೆ ಇದ್ದಾಗ ನಮ್ಮವ್ವ ಕಟ್ಸಿದ್ದು ಕಣೆ ಇದು. ಅವ್ವ ಹೋದ್ಲು, ಅಪ್ಪ ಹೋದ. ನಿಮ್ಮಜ್ಜ ಹೋದ್ರು. ಹೆತ್ತ ಮಕ್ಳು ಇಬ್ರು ನನ್ನ ಮುಂದೇನೆ ಹೋದ್ರು. ಹುಟ್ಟಿದಾಗಿಂದ ನನ್ ಜತೀಗೆ ಇರೋದು ಇದೊಂದೇ" ಎಂದಳು. ಕರಡಿಗೆಯ ದಾರ ಕೊರಳಿಗೆ ಹಾಕಿಕೊಂಡು, "ಬಿಚ್ಚಿದ್ದಕ್ಕೆ ಬ್ಯಾಸರ ಇಲ್ಲ. ನನ್ನೊಂದು ಮಾತು ಕೇಳ್ದೆ ಬಿಚ್ಚಿದ್ಯಲ್ಲ. ಒಂದು ಸಲ ಕಿವಿಯಾಗೆ ಹೇಳಿದ್ರೆ ಎಚ್ಚರಾಗಿ ಕೈಯಾಗೆ ಹಿಡ್ಕಂತಿದ್ದೆ" ಎಂದಳು.

ಅಷ್ಟು ಸುಲಭವಿತ್ತು! ಇಡೀ ದಿನ ನಾನು ಯಾರ್‍ಯಾರನ್ನೋ ಬೈದೆ. ಅವಳ ಕಿವಿಯ ಹತ್ತಿರ ಬಾಯಿಟ್ಟು ಒಂದು ಮಾತು ಹೇಳಬೇಕೆಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಕಳೆದ ಮಾಘದಲ್ಲಿ ಅಜ್ಜಿ ಕತ್ತಲಗೆರೆಯ ಮನೆಯಲ್ಲೇ ತೀರಿಕೊಂಡಳು. ಕೊನೆಯ ಸ್ನಾನ ಮಾಡಿಸುವಾಗ ಓಲೆ ಬಿಚ್ಚಲು ನನಗೆ ಹೇಳಿದರು. ನಾನು ಬಗ್ಗಿ ಅವಳ ಕಿವಿಯಲ್ಲಿ, "ಅಜ್ಜಿ, ಓಲೆ ಬಿಚ್ಲಾ?" ಎಂದೆ. ಸುತ್ತಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಗಿರಿಜತ್ತೆ ಬಿಕ್ಕಿ ಅಳತೊಡಗಿದರು. ನಾನು ಓಲೆಯ ಮೇಲೆ ಬೆರಳಿಟ್ಟುಕೊಂಡು ಕಾದೆ. ಬೇಡ ಅನ್ನಲಿ, ತುಟಿ ಬಿಗಿಯಲಿ, ಹಟ ಮಾಡಲಿ, ಇಡೀ ದಿನ ನನ್ನನ್ನು ಓಡಾಡಿಸಲಿ ಎಂದು ಕಾದೆ. ಅಜ್ಜಿ ಏನೂ ಅನ್ನಲಿಲ್ಲ.